ಫ್ಯಾಸಿಸಂ ಮತ್ತು ನಾಜಿವಾದ

ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಹುಟ್ಟಿದ ಎರಡು ಸರ್ವಾಧಿಕಾರಿ ಸಿದ್ಧಾಂತಗಳು. ಆಡುಮಾತಿನಲ್ಲಿ ಒಂದರ ಬದಲು ಇನ್ನೊಂದು ಬಳಕೆಯಾದರೂ ಇವು ಸಮಾನಾರ್ಥಕ ಪದಗಳಲ್ಲ.

ಮೂಲ: ‘ಕಂತೆ’ ಎಂಬರ್ಥದ ಇಟಾಲಿಯನ್ ಪದ ‘ಫಾಷೊ’ದಿಂದ ಫ್ಯಾಸಿಸಂ ಎಂಬ ಹೆಸರು ಬಂದಿದೆ. 1919ರಲ್ಲಿ ಮಿಲಾನ್‌ನಲ್ಲಿ ಮುಸೊಲಿನಿ ಆರಂಭಿಸಿದ ಈ ಚಳವಳಿ 1922ರಲ್ಲಿ ಅಧಿಕಾರಕ್ಕೇರಿತು. ನಾಜಿವಾದವು 1933ರಲ್ಲಿ ಜರ್ಮನಿಯ ಚಾನ್ಸಲರ್ ಆದ ಹಿಟ್ಲರನ ಪಕ್ಷದ ಸಿದ್ಧಾಂತ.

ಸಾಮ್ಯ: ಏಕಪಕ್ಷ, ಪ್ರಶ್ನಾತೀತ ನಾಯಕ, ಉಗ್ರ ರಾಷ್ಟ್ರೀಯತೆ, ಸಮವಸ್ತ್ರಧಾರಿ ಪಡೆಗಳು, ಕಮ್ಯುನಿಸ್ಟ್ ವಿರೋಧ.

ಭೇದ: ಫ್ಯಾಸಿಸಂಗೆ ಪ್ರಭುತ್ವವೇ ಪರಮ, ನಾಜಿವಾದಕ್ಕೆ ಜನಾಂಗವೇ ಪರಮ, ಪ್ರಭುತ್ವ ಅದರ ಸಾಧನ. ಯೆಹೂದಿದ್ವೇಷ ನಾಜಿವಾದದ ತಿರುಳು. 1935ರ ನ್ಯೂರೆಂಬರ್ಗ್ ಕಾನೂನುಗಳಿಂದ ಸುಮಾರು 60 ಲಕ್ಷ ಯೆಹೂದಿಗಳ ಹತ್ಯೆಯವರೆಗೆ ಅದು ಬೆಳೆಯಿತು. ಇಟಲಿಯಲ್ಲಿ ಯೆಹೂದಿವಿರೋಧಿ ಕಾನೂನುಗಳು ಬಂದದ್ದು 1938ರಲ್ಲಿ. ನಾಜಿವಾದವನ್ನು ಫ್ಯಾಸಿಸಂನ ಅತ್ಯುಗ್ರ ರೂಪವೆಂದು ಹಲವು ವಿದ್ವಾಂಸರು ಪರಿಗಣಿಸುತ್ತಾರೆ.

ಭಾರತದಲ್ಲಿ: ಪುಣೆಯಿಂದ ಹೊರಡುತ್ತಿದ್ದ ‘ಕೇಸರಿ’ ಪತ್ರಿಕೆ 1920ರ ದಶಕದಲ್ಲೇ ಇಟಲಿಯ ಫ್ಯಾಸಿಸಂ ಕುರಿತು ಲೇಖನಗಳನ್ನು ಪ್ರಕಟಿಸಿತು. ಹಿಂದೂ ಮಹಾಸಭೆಯ ನಾಯಕ ಬಿ.ಎಸ್. ಮೂಂಜೆ 1931ರ ಮಾರ್ಚ್ 19ರಂದು ರೋಮ್‌ನಲ್ಲಿ ಮುಸೊಲಿನಿಯನ್ನು ಭೇಟಿಯಾದರು. 1936ರಲ್ಲಿ ರೋಮ್ ಮೂಲಕ ಮರಳುತ್ತಿದ್ದ ಜವಾಹರಲಾಲ್ ನೆಹರೂ ಅಂಥ ಭೇಟಿಯನ್ನು ನಿರಾಕರಿಸಿದರು.