ಅಳೆಯುವವರ ನ್ಯಾಯ: ಕಣದ ಕೊಳಗದಿಂದ ಕಡತ ವ್ಯವಸ್ಥೆಯವರೆಗೆ

ತುಮಕೂರು ನಗರದ ಅಂಚಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ಇಂದು ತೂಕ ನಡೆಯುವುದು ಕಿಲೋಗ್ರಾಂ ಲೆಕ್ಕದಲ್ಲಿ. ಆದರೆ ಅದೇ ಸೀಮೆಯ ಹಿರಿಯ ರೈತರ ಮಾತಿನಲ್ಲಿ ಖಂಡುಗ, ಕೊಳಗ, ಬಳ್ಳ, ಸೇರು, ಪಾವುಗಳು ಇನ್ನೂ ಉಳಿದಿವೆ. ಈ ಹಳೆಯ ಮಾನಗಳ ಚರಿತ್ರೆ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಮಾನವು ಒಂದೇ ಆದ ಮಾತ್ರಕ್ಕೆ ಹೋಲಿಕೆ ನ್ಯಾಯವಾಗುತ್ತದೆಯೆ? ಜಾನಪದ ಸಂಗ್ರಹಗಳು ಗಣಕಯಂತ್ರವನ್ನು ಆಶ್ರಯಿಸಿರುವ ಈ ಕಾಲದಲ್ಲಿ, ಪ್ರಾಯೋಗಿಕ ಹಂತದ ಕಡತ ವ್ಯವಸ್ಥೆಗಳ ಪರೀಕ್ಷೆಯಲ್ಲೂ ಇದೇ ಪ್ರಶ್ನೆ ಎದುರಾಗಿದೆ. ಇವೆರಡನ್ನೂ ಜೊತೆಗಿರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕದಲ್ಲಿ ಮಾನವನ್ನು ಸಾರ್ವಜನಿಕವಾಗಿ ನಿಲ್ಲಿಸುವ ಪರಂಪರೆ ಹಳೆಯದು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭಕ್ಕೂ, ಶಾಸನಗಳಲ್ಲಿ ಭೂಮಿಯ ಅಳತೆಗೆ ಹೇಳಲಾದ 'ಭೇರುಂಡ ಗಳೆ'ಗೂ ಸಂಬಂಧವಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಯಾವ ಗಳೆಯಿಂದ ಅಳೆದದ್ದು ಎಂಬುದನ್ನು ಹೆಸರಿಸದೆ ಭೂಮಿಯ ವಿಸ್ತಾರವನ್ನು ಹೇಳಿದರೆ ಅದು ಅಪೂರ್ಣವೆಂಬ ಅರಿವು ಇಲ್ಲಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಊರಿಂದೂರಿಗೆ ತೂಕ ಮತ್ತು ಅಳತೆಗಳು ಬದಲಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಸ್ವಾತಂತ್ರ್ಯಾನಂತರ 1956ರ ಕಾಯಿದೆಯು ದೇಶಕ್ಕೆಲ್ಲ ಮೆಟ್ರಿಕ್ ಮಾನವನ್ನು ತಂದಿತು.

ಆದರೆ ಮಾನ ಒಂದಾದರೆ ಸಾಲದು. ಅಳೆಯುವ ರೀತಿಯೂ ಒಂದಾಗಿರಬೇಕು. ಕೊಳಗದ ಬಾಯಿಯ ಮೇಲೆ ಗೋಪುರದಂತೆ ರಾಗಿ ತುಂಬಿ ಅಳೆಯುವುದು ಒಂದು, ಕೋಲಿನಿಂದ ಬಾಯಿಮಟ್ಟಕ್ಕೆ ಸವರಿ ಅಳೆಯುವುದು ಇನ್ನೊಂದು. ಕೊಳಗ ಅದೇ, ಕಾಳು ಬೇರೆ. ತೂರಿ ಹಸನು ಮಾಡಿದ ರಾಗಿಗೂ ಹೊಟ್ಟು ಉಳಿದ ರಾಗಿಗೂ, ಹಸಿಗೂ ಒಣಗಿದ್ದಕ್ಕೂ ವ್ಯತ್ಯಾಸವುಂಟು. ಆಯ ಪದ್ಧತಿಯಲ್ಲಿ ತಳವಾರ, ತೋಟಿ, ನೀರುಗಂಟಿ ಮೊದಲಾದವರು ತಮ್ಮ ಪಾಲನ್ನು ಪಡೆಯುತ್ತಿದ್ದುದು ಕಣದಲ್ಲಿಯೇ. ಅಳತೆಯಲ್ಲಿ ಹಕ್ಕುಳ್ಳವರು ಅಳತೆಯ ರೀತಿಗೆ ಸಾಕ್ಷಿಗಳೂ ಆಗಿರುತ್ತಿದ್ದರು. ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ವಾಡಿಕೆಯನ್ನು ಕೇವಲ ಶುಭಸೂಚಕವೆಂದು ವಿವರಿಸುವುದುಂಟು. ಗಟ್ಟಿಯಾಗಿ ಹೇಳುವ ಆ ಎಣಿಕೆ ಅಳತೆಯನ್ನು ಎಲ್ಲರ ಕಿವಿಗೂ ತಲುಪಿಸುತ್ತಿತ್ತು ಎಂಬುದೂ ಗಮನಾರ್ಹ.

ಈಗ ಕಡತ ವ್ಯವಸ್ಥೆಯ ವಿಚಾರಕ್ಕೆ ಬರಬಹುದು. ತಟ್ಟೆಯ ಮೇಲೆ ದತ್ತಾಂಶವನ್ನು ಎಲ್ಲಿ, ಹೇಗೆ ಇಡಬೇಕೆಂಬುದನ್ನು ನಿರ್ವಹಿಸುವ ತಂತ್ರಾಂಶವೇ ಕಡತ ವ್ಯವಸ್ಥೆ. ಹೊಸದೊಂದು ಬಂದಾಗ ಹಳೆಯದರೊಡನೆ ವೇಗವನ್ನು ಹೋಲಿಸಿ ಕೋಷ್ಟಕ ಪ್ರಕಟಿಸುವುದು ರೂಢಿ. ಪರೀಕ್ಷಿಸಿದ ಕಡತಗಳೆಲ್ಲ ಗಣಕಯಂತ್ರದ ಸ್ಮೃತಿಯಲ್ಲಿಯೇ ಅಡಗುವಷ್ಟು ಚಿಕ್ಕವಾದರೆ, ಅಳೆದದ್ದು ತಟ್ಟೆಯ ಕೆಲಸವನ್ನಲ್ಲ, ಸ್ಮೃತಿಯ ವೇಗವನ್ನು. ಖಾಲಿ ತಟ್ಟೆಯ ಮೇಲಿನ ಫಲಿತಾಂಶ ವರ್ಷಗಟ್ಟಲೆ ಬಳಸಿದ ತಟ್ಟೆಗೆ ಅನ್ವಯಿಸದೆಂಬುದನ್ನು ಕೀತ್ ಸ್ಮಿತ್ ಮತ್ತು ಮಾರ್ಗೊ ಸೆಲ್ಟ್ಸರ್ 1997ರಲ್ಲಿಯೇ ಚರ್ಚಿಸಿದರು. ಏರೆಜ್ ಝಾಡೋಕ್ ಮತ್ತು ಸಂಗಡಿಗರು 2008ರಲ್ಲಿ 106 ಸಂಶೋಧನ ಪ್ರಬಂಧಗಳ 415 ಪರೀಕ್ಷೆಗಳನ್ನು ಪರಿಶೀಲಿಸಿ, ಹೆಚ್ಚು ಜನಪ್ರಿಯವಾದ ಪರೀಕ್ಷೆಗಳಲ್ಲಿಯೇ ದೋಷಗಳಿವೆ ಎಂದು ತೋರಿಸಿದರು.

ಇನ್ನೂ ಸೂಕ್ಷ್ಮವಾದದ್ದು ಭರವಸೆಗಳ ವ್ಯತ್ಯಾಸ. 2009ರಲ್ಲಿ ಲಿನಕ್ಸ್ ಮೂಲದಲ್ಲಿ ಸೇರಿದ ಬಿಟಿಆರ್‌ಎಫ್‌ಎಸ್ ತಾನು ಬರೆದ ದತ್ತಾಂಶಕ್ಕೆ ಪರಿಶೀಲನಾ ಮೊತ್ತವನ್ನೂ ಇಡುತ್ತದೆ. ಇಎಕ್ಸ್‌ಟಿ4 ಕಡತದ ಒಳಗಿನ ದತ್ತಾಂಶಕ್ಕೆ ಹಾಗೆ ಮಾಡುವುದಿಲ್ಲ. ವೇಗವನ್ನಷ್ಟೇ ಹೋಲಿಸಿದರೆ ಕಾಳನ್ನು ಆರಿಸಿ ಅಳೆಯುವವರನ್ನು ಹಾಗೆಯೇ ಸುರಿಯುವವರ ಮುಂದೆ ನಿಧಾನಿಗಳೆಂದು ಹಳಿದಂತಾಗುತ್ತದೆ. ಪ್ರಾಯೋಗಿಕ ಹಂತದಲ್ಲಿ ತಪ್ಪು ಹುಡುಕಲೆಂದು ಸೇರಿಸಿದ ಹೆಚ್ಚುವರಿ ತಪಾಸಣೆಗಳನ್ನು ತೆಗೆಯದೆ ಅಳೆದರೆ ಹೊಸದಕ್ಕೆ ಅನ್ಯಾಯ. ಹೊಸ ತಟ್ಟೆಯ ಮೇಲೆ ಮಾತ್ರ ಅಳೆದು ಹೊಗಳಿದರೆ ಬಳಕೆದಾರರಿಗೆ ಅನ್ಯಾಯ. 2024ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ ಆವೃತ್ತಿಯಲ್ಲಿ 'ಪ್ರಾಯೋಗಿಕ' ಎಂಬ ಗುರುತಿನೊಡನೆ ಸೇರಿದ್ದ ಬಿಕ್ಯಾಶ್‌ಎಫ್‌ಎಸ್ 2025ರಲ್ಲಿ ಅಲ್ಲಿಂದ ಹೊರಬಿದ್ದಿತು. ಅದಕ್ಕೆ ಕಾರಣವಾದದ್ದು ವೇಗದ ಕೋಷ್ಟಕವಲ್ಲ, ಅಭಿವೃದ್ಧಿಯ ಶಿಸ್ತಿನ ಕುರಿತ ಭಿನ್ನಾಭಿಪ್ರಾಯ. ಒಂದು ವ್ಯವಸ್ಥೆಯ ಬಾಳಿಕೆಯನ್ನು ಕೋಷ್ಟಕ ಹೇಳಲಾರದು.

ಜಾನಪದ ಸಂಶೋಧಕರಿಗೆ ಇದು ಹೊರಗಿನ ವಿಷಯವಲ್ಲ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ ಹಾಡುಗಾರರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ಅವರ ದನಿ ಕಡತಗಳಾಗಿ ಉಳಿದಿದೆ. ತ್ವರಿತವಾಗಿ ಬರೆಯುವ ವ್ಯವಸ್ಥೆಗಿಂತ ಕೆಟ್ಟದ್ದನ್ನು ಕೆಟ್ಟಿದೆಯೆಂದು ತಿಳಿಸುವ ವ್ಯವಸ್ಥೆ ಇಂತಹ ಸಂಗ್ರಹಕ್ಕೆ ಹೆಚ್ಚು ಅಗತ್ಯ. ಆದ್ದರಿಂದ ಪರೀಕ್ಷೆಯ ಫಲಿತಾಂಶದೊಡನೆ ತಟ್ಟೆಯ ಸ್ಥಿತಿ, ಆಯ್ದ ವಿಧಾನ, ತಂತ್ರಾಂಶದ ಆವೃತ್ತಿ ಮತ್ತು ಪ್ರತಿಯೊಂದು ವ್ಯವಸ್ಥೆಯ ಭರವಸೆಗಳನ್ನು ತಿಳಿಸಬೇಕು. ಸಾಧ್ಯವಾದರೆ ಆ ವ್ಯವಸ್ಥೆಯನ್ನು ಕಟ್ಟಿದವರಿಗೆ ಉತ್ತರಿಸುವ ಅವಕಾಶವೂ ಇರಬೇಕು. ಗಳೆಯನ್ನು ಹೆಸರಿಸಿದ ಶಾಸನಕಾರರೂ ಪಾಲುದಾರರೆಲ್ಲರ ಎದುರಿನಲ್ಲಿ ಕೊಳಗ ಹಿಡಿದ ರೈತರೂ ಪಾಲಿಸಿದ ನಿಯಮ ಇದೇ ಎನ್ನಬಹುದು.