ಎಲ್ಲರಿಗಿಂತ ಮುಂದಿನ ಬೈಕು

ಡಿಸೆಂಬರ್ ಬಂತೆಂದರೆ ಗೋಣಿಬೀಡು ಹೋಬಳಿಯ ರಸ್ತೆಗಳಲ್ಲಿ ಎರಡು ಬಗೆಯ ಸಾಲು ಕಾಣುತ್ತದೆ. ಒಂದು, ಕಾಫಿ ಕೊಯ್ಲಿಗೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪು, ಪಿಕಪ್ಪುಗಳದ್ದು. ಇನ್ನೊಂದು, ಶನಿವಾರ ಭಾನುವಾರ ಬೆಂಗಳೂರು ಕಡೆಯಿಂದ ಬರುವ ಬೈಕುಗಳದ್ದು. ಈ ಎರಡನೇ ಸಾಲನ್ನು ಒಂದು ನಿಮಿಷ ನಿಂತು ನೋಡಿ. ಎಲ್ಲರಿಗಿಂತ ಮುಂದೆ ಒಬ್ಬ, ಎಲ್ಲರಿಗಿಂತ ಹಿಂದೆ ಒಬ್ಬ, ಅವನ ಹಿಂದೆ ಸಾಮಾನು ಹೊತ್ತ ಜೀಪು. ಮುಂದಿನವನಿಗೆ ‘ಲೀಡ್’ ಅನ್ನುತ್ತಾರೆ, ಹಿಂದಿನವನಿಗೆ ‘ಸ್ವೀಪ್’. ನಡುವೆ ಇರುವ ಹತ್ತು ಹನ್ನೆರಡು ಜನ ದುಡ್ಡು ಕೊಟ್ಟು ಬಂದವರು. ಫೋಟೋ, ವಿಡಿಯೋಗಳಲ್ಲಿ ಕಾಣುವುದು ಈ ನಡುವಿನವರು ಮಾತ್ರ. ಈ ಬರಹ ಮುಂದಿನವನ ಬಗ್ಗೆ.

ಹೀಗೆ ಮುಂದೊಬ್ಬ ಹಿಂದೊಬ್ಬ ಇಟ್ಟುಕೊಂಡು, ಪೆಟ್ರೋಲು ಟೆಂಟು ಹೊತ್ತ ವಾಹನದ ಜೊತೆ ಪ್ರವಾಸ ಮಾಡಿಸುವ ಏರ್ಪಾಟು ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ ಒಂದು ಕಸುಬೇ ಆಗಿದೆ. ಔಟ್‌ಬ್ಯಾಕ್ ಅಂದರೆ ಆ ಖಂಡದ ಒಳನಾಡು, ಮಳೆ ಕಡಿಮೆ, ಜನ ಅದಕ್ಕಿಂತ ಕಡಿಮೆ. ಅಲ್ಲಿ ಮರ್ರೀ ಎಂಬ ಊರಿನಿಂದ ಬರ್ಡ್ಸ್‌ವಿಲ್ ಎಂಬ ಊರಿಗೆ ಒಂದು ಹಳೆಯ ದನಗಳ ದಾರಿ ಇದೆ, ಸುಮಾರು 517 ಕಿಲೋಮೀಟರ್. ಬೆಂಗಳೂರಿನಿಂದ ಮೂಡಿಗೆರೆಗೆ ಬಂದು ವಾಪಸ್ಸು ಹೋದಷ್ಟು ದೂರ. ನಮ್ಮ ದಾರಿಯಲ್ಲಿ ಆ ದೂರಕ್ಕೆ ಎಷ್ಟು ಪೇಟೆ, ಎಷ್ಟು ಹೋಟೆಲು, ಎಷ್ಟು ಪಂಕ್ಚರ್ ಅಂಗಡಿ ಸಿಗುತ್ತವೆ ಎಂದು ಲೆಕ್ಕ ಹಾಕಿಕೊಳ್ಳಿ. ಅಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ನೀರು ಎಲ್ಲಿದೆ, ಮಳೆ ಬಿದ್ದರೆ ಯಾವ ಕಡೆ ಕೆಸರಾಗುತ್ತದೆ ಎಂದು ಗೊತ್ತಿದ್ದವನು ಜೊತೆಗಿರುವುದು ಅಲ್ಲಿ ಷೋಕಿಯಲ್ಲ.

ಒಬ್ಬರೇ ಹೋಗುವವರೂ ಇದ್ದಾರೆ. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ಬೈಕಿನಲ್ಲಿ ಒಂಟಿಯಾಗಿ ಹೋಗಿ ಬಂದ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಆ ನೆಲದ ಚರಿತ್ರೆಯನ್ನು ಓದಿದರೆ, ಮಾರ್ಗದರ್ಶಿಯಿಲ್ಲದೆ ಒಳನಾಡಿಗೆ ನುಗ್ಗಿದವರ ಕಥೆ ಅಷ್ಟು ಸುಖವಾಗಿಲ್ಲ.

1860ರ ಆಗಸ್ಟ್ 20ರಂದು ಬರ್ಕ್ ಮತ್ತು ವಿಲ್ಸ್ ಎಂಬವರ ತಂಡ ಮೆಲ್ಬರ್ನಿನಿಂದ ಹೊರಟಿತು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವುದು ಉದ್ದೇಶ. ಅದಕ್ಕಾಗಿ ಒಂಟೆಗಳನ್ನು ತರಿಸಿದ್ದು ಎಲ್ಲಿಂದ ಗೊತ್ತೆ? ಕರಾಚಿಯಿಂದ. ಒಂಟೆಯ ಜೊತೆಗೆ ಒಂಟೆ ನಡೆಸುವವರನ್ನೂ ಇದೇ ನಮ್ಮ ಉಪಖಂಡದಿಂದ ಹಡಗು ಹತ್ತಿಸಿ ಕರೆದೊಯ್ದರು. ಮುಂದಿನ ಅರವತ್ತು ಎಪ್ಪತ್ತು ವರ್ಷ ಬಲೂಚಿಸ್ತಾನ, ಸಿಂಧ್, ಪಂಜಾಬ್, ಅಫ್ಘಾನಿಸ್ತಾನದಿಂದ ಇಂಥ ಸಾವಿರಾರು ಜನ ಅಲ್ಲಿಗೆ ಹೋದರು. ಅವರೆಲ್ಲರಿಗೂ ಬಿಳಿಯರು ಇಟ್ಟದ್ದು ಒಂದೇ ಹೆಸರು, ‘ಆಫ್ಘಾನ್’. ದಿನಸಿ, ಉಣ್ಣೆ, ಟೆಲಿಗ್ರಾಫ್ ಸಾಮಾನು, ರೈಲು ಕಂಬಿ ಎಲ್ಲವೂ ಅವರ ಒಂಟೆಯ ಬೆನ್ನ ಮೇಲೇ ಒಳನಾಡು ಸೇರಿದವು. ಇವತ್ತು ಬೈಕಿನವರು ಪೆಟ್ರೋಲು ತುಂಬಿಸಿಕೊಳ್ಳುವ ಆ ಮರ್ರೀ ಊರು ಒಂಟೆಗಾರರ ದೊಡ್ಡ ನೆಲೆಯಾಗಿತ್ತು. ಆ ಖಂಡದ ಮೊದಮೊದಲ ಮಸೀದಿಗಳಲ್ಲಿ ಒಂದು ಅಲ್ಲೇ ಇತ್ತು.

ಬರ್ಕ್ ಮತ್ತು ವಿಲ್ಸ್ ಉತ್ತರದ ಕಡಲಿನ ಹತ್ತಿರದವರೆಗೂ ಹೋದರು. ತಿರುಗಿ ಬರುವಾಗ 1861ರ ಮಧ್ಯಭಾಗದಲ್ಲಿ ಕೂಪರ್ ಕ್ರೀಕ್ ಎಂಬ ಹೊಳೆಯ ದಂಡೆಯಲ್ಲಿ ಹಸಿವಿನಿಂದ ಸತ್ತರು. ಸೋಜಿಗವೆಂದರೆ ಅದೇ ದಂಡೆಯಲ್ಲಿ ಯಾಂಡ್ರುವಾಂಡ ಎಂಬ ಮೂಲನಿವಾಸಿಗಳು ಮೀನು ಹಿಡಿದುಕೊಂಡು, ನಾರ್ಡೂ ಎಂಬ ನೀರ ಬದಿಯ ಜರಿಗಿಡದ ಬೀಜ ಕುಟ್ಟಿ ತಿಂದುಕೊಂಡು ಬಾಳುತ್ತಿದ್ದರು. ಬಿಳಿಯರೂ ನಾರ್ಡೂ ತಿಂದರು, ಆದರೆ ಅದನ್ನು ಹದಮಾಡುವ ಕ್ರಮ ಅವರಿಗೆ ತಿಳಿಯದೆ ಹೋಯಿತು ಎಂಬುದು ನಂತರದ ವಿದ್ವಾಂಸರ ವಾದ. ಬದುಕಿ ಬಂದವನು ಜಾನ್ ಕಿಂಗ್ ಒಬ್ಬ. ಅವನನ್ನು ತಿಂಗಳುಗಟ್ಟಲೆ ಸಾಕಿದ್ದು ಆ ಯಾಂಡ್ರುವಾಂಡ ಜನ. 1865ರಲ್ಲಿ ಮೆಲ್ಬರ್ನಿನಲ್ಲಿ ದೊಡ್ಡ ಪ್ರತಿಮೆ ಎದ್ದು ನಿಂತಿತು. ಯಾರದ್ದು? ಸತ್ತ ಇಬ್ಬರದ್ದು.

ಆಸ್ಟ್ರೇಲಿಯಾ ದೂರವಾಯಿತು ಅನ್ನಿಸಿದರೆ ಗೋಣಿಬೀಡಿನ ರಸ್ತೆ ಬದಿಗೇ ನೋಡಿ. ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತ ಸಿಲ್ವರ್ ಓಕ್ ಆ ಖಂಡದ ಪೂರ್ವ ಕರಾವಳಿಯ ಮರ. ಕಾಫಿಯ ನೆರಳಿಗೆಂದು ಬಂದದ್ದು ಈಗ ನಮ್ಮದೇ ಎನ್ನುವಷ್ಟು ಬೇರು ಬಿಟ್ಟಿದೆ.

ದಾರಿ ತೋರಿಸುವವರ ಕಥೆ ಇಲ್ಲಿಯೂ ಹೆಚ್ಚು ಬೇರೆಯಲ್ಲ. ಘಟ್ಟದ ಕೆಳಗಿನಿಂದ ಉಪ್ಪು ಮೇಲೆ ಬರಬೇಕಿತ್ತು, ಮೇಲಿನ ಧಾನ್ಯ ಕೆಳಗೆ ಇಳಿಯಬೇಕಿತ್ತು. ಗಾಡಿರಸ್ತೆ ಆಗುವ ಮೊದಲು ಈ ಕೆಲಸ ಮಾಡಿದ್ದು ಹೇರೆತ್ತುಗಳು. ಲಂಬಾಣಿಗಳ ಎತ್ತಿನ ಹಿಂಡು ಸೈನ್ಯಗಳಿಗೇ ಅಕ್ಕಿ ಸರಬರಾಜು ಮಾಡುತ್ತಿತ್ತು. ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಅವನ ಸೈನ್ಯ ಉಂಡದ್ದು ಇವರು ತಂದ ಧಾನ್ಯವನ್ನು. ಗೋಣಿಬೀಡು ಎಂಬ ಹೆಸರು ಕೇಳಿದ ಕೂಡಲೇ ಗೋಣಿ ಹೊತ್ತ ಎತ್ತುಗಳು ಬೀಡು ಬಿಟ್ಟ ಜಾಗ ಎನ್ನಲು ಬಾಯಿ ತುರಿಸುತ್ತದೆ. ಆದರೆ ಗೋಣಿ ಎಂದರೆ ಒಂದು ಜಾತಿಯ ಆಲದಂಥ ಮರವೂ ಹೌದು. ಹೆಸರಿನ ಮೇಲೆ ಚರಿತ್ರೆ ಕಟ್ಟುವ ಚಟ ನಮ್ಮ ಕಡೆ ಸಾಕಷ್ಟಿದೆ, ನಾವು ಬೇರೆ ಸೇರಿಸುವುದು ಬೇಡ.

ಆಮೇಲೆ ಕಾಫಿ ದೊರೆಗಳು ಬಂದರು. ಪಕ್ಕದ ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಬೇಟೆಗೆ ಕಾಡು ತೋರಿಸಿದವರು ಮಾತ್ರ ಊರಿನವರೇ. ಈ ವಿಷಯವನ್ನು ಕನ್ನಡದಲ್ಲಿ ತೇಜಸ್ವಿಯವರಷ್ಟು ಚೆನ್ನಾಗಿ ಕಂಡವರು ಇಲ್ಲ ಎಂಬುದು ನಮ್ಮ ಅಭಿಪ್ರಾಯ. 1980ರ ‘ಕರ್ವಾಲೊ’ದಲ್ಲಿ ವಿಜ್ಞಾನಿ ಹಾರುವ ಓತಿಯನ್ನು ಹುಡುಕಿಕೊಂಡು ಹೊರಡುವುದು ಮಂದಣ್ಣನನ್ನು ನಂಬಿ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಆ ಮಂದಣ್ಣ ಇಲ್ಲದಿದ್ದರೆ ಕರ್ವಾಲೊ ಮೂಡಿಗೆರೆ ದಾಟುತ್ತಲೇ ಇರಲಿಲ್ಲ. ತೇಜಸ್ವಿ ಸ್ವತಃ ಸ್ಕೂಟರಿನ ಮನುಷ್ಯ, ಮೂಡಿಗೆರೆ ಪೇಟೆಗೆ ಆ ಸ್ಕೂಟರು ಚೆನ್ನಾಗಿ ಗೊತ್ತಿತ್ತು.

ಈಗ ಬೈಕಿಗೆ ಬರೋಣ. ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ತಯಾರಿ 1955ರಲ್ಲಿ ಶುರುವಾಯಿತು. ಮಲೆನಾಡಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಂಗತಿ ನಡೆದದ್ದು ಮೈಸೂರಿನ ಯಾದವಗಿರಿಯಲ್ಲಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು ಐಡಿಯಲ್ ಜಾವಾ ಕಟ್ಟಿದರು, 1961ರಲ್ಲಿ ಬೈಕು ಹೊರಬರತೊಡಗಿತು. ಜಯಚಾಮರಾಜ ಒಡೆಯರ ಬೆಂಬಲ ಇದ್ದುದರಿಂದ ‘ಜಾವಾ’ ಅಂದರೆ ಜಯಚಾಮರಾಜ ಒಡೆಯರ್ ಎಂದೇ ಹೇಳುವವರು ಈಗಲೂ ಇದ್ದಾರೆ. ನಿಜಕ್ಕೂ ಆ ಹೆಸರು ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಯುರೋಪಿನ ಹೆಸರುಗಳ ಮೊದಲಕ್ಷರಗಳದ್ದು. 1973ರಿಂದ ಅದೇ ಕಾರ್ಖಾನೆಯ ಬೈಕು ಯೆಜ್ಡಿ ಆಯಿತು.

ಜಾವಾ ಇನ್ನೂರೈವತ್ತು ಸಿಸಿಯ ಟೂ ಸ್ಟ್ರೋಕ್ ಗಾಡಿ. ಒಂದೇ ಸಿಲಿಂಡರು, ಸೈಲೆನ್ಸರು ಎರಡು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಘಟ್ಟ ಇಳಿಯುವಾಗ ಟೂ ಸ್ಟ್ರೋಕ್ ಇಂಜಿನ್ನು ಬುಲೆಟ್ಟಿನ ಹಾಗೆ ಗಾಡಿಯನ್ನು ಹಿಡಿದೆಳೆಯುವುದಿಲ್ಲ, ಬ್ರೇಕನ್ನೇ ನಂಬಬೇಕು. ಇದು ಗೊತ್ತಿಲ್ಲದೆ ಚಾರ್ಮಾಡಿ ಇಳಿದವರ ಕಥೆಗಳನ್ನು ಹಳಬರು ನಗುತ್ತಾ ಹೇಳುತ್ತಾರೆ. ಆಗ ನಗು ಬಂದಿರಲಿಕ್ಕಿಲ್ಲ.

ಹೋಬಳಿಯ ಒಂದು ತೋಟದಲ್ಲಿ ರೈಟರಾಗಿದ್ದ ಹಿರಿಯರೊಬ್ಬರನ್ನು ನಾವು ಕೇಳಿದೆವು: ಆ ಕಾಲದಲ್ಲಿ ಬೈಕು ಯಾರ ಹತ್ತಿರ ಇತ್ತು? ಅವರ ಉತ್ತರ ನಾವು ಎಣಿಸಿದ ಹಾಗಿರಲಿಲ್ಲ. ಸಾಹುಕಾರರಿಗಿಂತ ಹೆಚ್ಚು ಓಡಾಡಿದ್ದು ಕೆಲಸದ ಮೇಲೆ ಬಂದ ಹೊರಗಿನವರ ಬೈಕುಗಳಂತೆ. ದನದ ಡಾಕ್ಟರು, ಕಾಫಿ ಬೋರ್ಡಿನವರು, ಬ್ಯಾಂಕಿನ ಸಾಲದ ಆಫೀಸರು. “ಅವ್ರಿಗೆ ದಾರಿ ಎಲ್ಲಿ ಗೊತ್ತಿತ್ತು ಮಾರಾಯ್ರೆ? ಹಿಂದಿನ ಸೀಟಲ್ಲಿ ನಮ್ಮೋನೊಬ್ಬ ಕೂರ್ಲೇಬೇಕು. ಇಲ್ಲಿ ಸಂಕ ಉಂಟು, ಇಳೀರಿ. ಇಲ್ಲಿ ಜಾರ್ತದೆ, ನಿಧಾನ. ಹಿಂಗೆ ಹೇಳ್ತಾ ಹೋಗೋದು.” ಅಂದರೆ ಆಗಿನ ‘ಲೀಡ್’ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ. ಕೂಲಿ? “ಒಂದು ಕಾಫಿ, ಒಂದು ಬನ್ನು.”

ಬೈಕು ಸ್ವಂತದ್ದಾಗಲು ಕಾಫಿಯ ಹಣ ಬರಬೇಕಿತ್ತು. ಅದು ಬರುತ್ತಿದ್ದದ್ದು ಕಂತಿನಲ್ಲಿ. 1940ರ ದಶಕದಿಂದ ಬೆಳೆಗಾರ ತನ್ನ ಕಾಫಿಯನ್ನು ಬೋರ್ಡಿನ ಪೂಲಿಗೆ ಕೊಡಬೇಕು, ಮಾರಾಟವಾದ ಹಾಗೆ ಅವರು ಕೊಟ್ಟಾಗ ತೆಗೆದುಕೊಳ್ಳಬೇಕು. 1990ರ ದಶಕದ ಮೊದಲಲ್ಲಿ ಈ ಕಟ್ಟು ಸಡಿಲವಾಗತೊಡಗಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಯಿತು, ಇಲ್ಲಿ ಬೆಲೆ ಏರಿತು. ಎರಡು ಮೂರು ಎಕರೆಯವರ ಅಂಗಳಕ್ಕೂ ಬೈಕು ಬಂದದ್ದು ಆ ಸುಮಾರಿಗೆ. ಒಂದು ವಿಚಿತ್ರ ಗಮನಿಸಿ: ಪೂಲ್ ಪೂರ್ತಿ ಮುಗಿದದ್ದು 1996ರಲ್ಲಿ. ಮೈಸೂರಿನ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದೂ 1996ರಲ್ಲೇ. ಹುಡುಗರ ಪ್ರಾಣವಾಗಿದ್ದ ಯಮಾಹಾ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಕೈಯಲ್ಲಿ ಕಾಸು ಓಡಾಡುವ ಹೊತ್ತಿಗೆ ಆಸೆಪಟ್ಟ ಗಾಡಿಗಳೇ ಇರಲಿಲ್ಲ. ಹೋಂಡಾದವರಿಗೆ ಅದು ಒಳ್ಳೆಯದಾಯಿತು.

ಆಮೇಲಿನದ್ದು ನಿಮಗೆ ಗೊತ್ತಿರುವುದೇ: ಹೋಂಸ್ಟೇ, ಬೆಂಗಳೂರಿನ ಐಟಿ, ಮತ್ತೆ ದುಬಾರಿಯಾಗಿ ವಾಪಸಾದ ಬುಲೆಟ್ಟು. 2018ರಲ್ಲಿ ಜಾವಾ ಕೂಡ ಬಂತು, ಆದರೆ ಮೈಸೂರಿನಿಂದಲ್ಲ, ಮಧ್ಯಪ್ರದೇಶದ ಪೀಥಾಂಪುರದಿಂದ. ಹಿಂದಿನ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದವನ ಮೊಮ್ಮಗ ಈಗ ಎಲ್ಲರಿಗಿಂತ ಮುಂದಿನ ಬೈಕಿನಲ್ಲಿದ್ದಾನೆ.

ಅಂಥ ಒಬ್ಬನ ಜೊತೆ ನಾವು ಒಂದು ದಿನ ಇದ್ದೆವು. ಹೆಸರು ಬೇಡ ಅಂದ. ಬೆಂಗಳೂರಿನ ಪ್ರವಾಸ ಏರ್ಪಡಿಸುವವರು ಅವನನ್ನು ದಿನಗೂಲಿಗೆ ಕರೆಯುತ್ತಾರೆ, ಬೈಕು ಅವನದ್ದೇ. ಬೆಳಗ್ಗೆ ಎದ್ದು ಮೊದಲು ನೋಡುವುದು ವಾಟ್ಸಾಪಿನಲ್ಲಿ ಆನೆ ಎಲ್ಲಿದೆ ಎಂದು. ಮೂಡಿಗೆರೆ ಸುತ್ತ ಕಾಡಾನೆ ಜನರನ್ನು ಕೊಂದಿದೆ, 2022ರಲ್ಲಿ ಸರ್ಕಾರ ಈ ಜಿಲ್ಲೆಗೂ ಆನೆ ಕಾರ್ಯಪಡೆ ಕೊಟ್ಟಿದೆ. ಆನೆ ಇರುವ ತೋಟದ ದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಸುತ್ತಿಸಿ ಕರೆತಂದರೆ ಬಂದವರಿಗೆ ಬೇಸರ. “ಮಣ್ಣಿನ ರಸ್ತೆ ಅಂತ ಹೇಳಿ ದುಡ್ಡು ತಗೊಂಡ್ರಿ ಅಂತಾರೆ. ಅವ್ರಿಗೆ ಆನೆ ಕಾಣ್ಬೇಕು, ಆದ್ರೆ ಎದುರಿಗೆ ಬರ್ಬಾರ್ದು.” 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಚಾರ್ಮಾಡಿ ಮುಚ್ಚಿದಾಗ, ಇದೇ ಬೈಕಿನಲ್ಲಿ ಅವನು ಮನೆಮನೆಗೆ ಮಾತ್ರೆ, ಹಾಲಿನ ಪುಡಿ ಮುಟ್ಟಿಸಿದ್ದ. ಯಾವ ರಸ್ತೆ ಮಳೆಯಲ್ಲಿ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಆ ವಾರ ಕಲಿತದ್ದೇ ಈಗಿನ ಬಂಡವಾಳ.

ಬಾಡಿಗೆಗೆ ಬೈಕು ಕೊಡುವವನಿಗೆ 1997ರ ಕೇಂದ್ರದ ಸ್ಕೀಮಿನಲ್ಲಿ ಲೈಸೆನ್ಸಿನ ನಿಯಮವಿದೆ. ಆದರೆ ಇವನು ಬೈಕು ಬಾಡಿಗೆಗೆ ಕೊಡುವವನಲ್ಲ, ದಾರಿ ಕೊಡುವವನು. ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು ಎಂದು ಕೇಳಿದ್ದಕ್ಕೆ, ಇನ್ನೂ ಬಿದ್ದಿಲ್ಲ ಎಂದು ನಕ್ಕ.

ಔಟ್‌ಬ್ಯಾಕ್‌ನ ಒಂಟೆಗಾರರಿಗೆ ಕೊನೆಗೆ ಏನಾಯಿತು ಎಂದು ಅವನಿಗೆ ಹೇಳಿದೆವು. ರೈಲು 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಮುಟ್ಟಿತು, ಲಾರಿಗಳೂ ಬಂದವು. ಆ ರೈಲಿನ ಕಂಬಿಯನ್ನು ಹೊತ್ತು ತಂದವರಿಗೇ ಕೆಲಸ ಹೋಯಿತು, ಒಂಟೆಗಳನ್ನು ಬಯಲಿಗೆ ಬಿಟ್ಟರು. ರೈಲಿಗೆ ‘ದ ಘಾನ್’ ಎಂದು ಅವರ ಹೆಸರೇ ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ತನ್ನ ಫೋನು ತೆಗೆದು ತೋರಿಸಿದ. ಬೆಂಗಳೂರಿನವರ ಮೆಸೇಜು: ಈವರೆಗೆ ಮಾಡಿಸಿದ ಎಲ್ಲಾ ದಾರಿಗಳ ಜಿಪಿಎಸ್ ಫೈಲು ಕಳಿಸು, ಒಟ್ಟಿಗೆ ಐದು ಸಾವಿರ ಕೊಡುತ್ತೇವೆ. ಎರಡು ವಾರದ ಹಿಂದೆ ಬಂದದ್ದು.

“ಕಳಿಸಿದ್ರೆ ಮುಂದಿನ ಸೀಸನ್ನಿಗೆ ನನ್ನನ್ನ ಯಾಕೆ ಕರೀತಾರೆ?” ಅಂದ. ಕಳಿಸದಿದ್ದರೆ ಇನ್ನೊಬ್ಬ ಹುಡುಗ ಕಳಿಸುತ್ತಾನೆ ಎಂಬುದೂ ಅವನಿಗೆ ಗೊತ್ತು. ಮೆಸೇಜಿಗೆ ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ.