ಕಿತ್ತಳೆ ತೋಟಗಳಲ್ಲಿ ಕೀಟನಾಶಕ ಬಳಕೆ ಮತ್ತು ಸುರಕ್ಷತೆ: ಕ್ಯಾಲಿಫೋರ್ನಿಯಾದ ಚರಿತ್ರೆ

ಕಿತ್ತಳೆ, ನಿಂಬೆ ತೋಟಗಳಿಗೆ ವಿಷ ಬಂದ ಬಗೆಯನ್ನು ತಿಳಿಯಲು ಅಮೆರಿಕದ ಕ್ಯಾಲಿಫೋರ್ನಿಯಾವನ್ನೇ ಮೊದಲು ನೋಡಬೇಕು. 1868ರ ಸುಮಾರಿಗೆ ಆಸ್ಟ್ರೇಲಿಯಾದಿಂದ ಗಿಡಗಳ ಜೊತೆ ಬಂದಿಳಿದ, ಹತ್ತಿ ಮೆತ್ತಿಕೊಂಡಂತೆ ಕಾಣುವ ಶಲ್ಕಕೀಟ ಇಪ್ಪತ್ತೇ ವರ್ಷಗಳಲ್ಲಿ ಅಲ್ಲಿನ ಬೆಳೆಗಾರರನ್ನು ಹೈರಾಣು ಮಾಡಿತ್ತು. 1886ರಲ್ಲಿ ಕೀಟತಜ್ಞ ಡಿ. ಡಬ್ಲ್ಯು. ಕಾಕ್ವಿಲೆಟ್ ಲಾಸ್ ಏಂಜಲಿಸ್‌ನ ತೋಟವೊಂದರಲ್ಲಿ ಹೈಡ್ರೋಜನ್ ಸಯನೈಡ್ ಅನಿಲವನ್ನು ಪ್ರಯೋಗಿಸಿದರು. ಇಡೀ ಮರಕ್ಕೆ ಕ್ಯಾನ್ವಾಸ್ ಗುಡಾರ ಹೊದಿಸಿ, ಒಳಗಿಟ್ಟ ಜಾಡಿಯ ಆಮ್ಲಕ್ಕೆ ಸಯನೈಡ್ ಹಾಕಬೇಕು. ಹಾಕಿದವನು ಥಟ್ಟನೆ ಹೊರಬರಬೇಕು. ಬಿಸಿಲಲ್ಲಿ ಎಲೆ ಸುಡುತ್ತದೆಂದು ಕೆಲಸವೆಲ್ಲ ರಾತ್ರಿ ಹೊತ್ತು. ಆಳಿನ ಕಾಲಿನ ಚುರುಕೇ ಅವನ ಸುರಕ್ಷತೆ.

ಆ ಕೀಟವನ್ನು ಕೊನೆಗೆ ಬಗ್ಗುಬಡಿದದ್ದು ಅನಿಲವಲ್ಲ, ವೇದಾಲಿಯ ಎಂಬ ಕೆಂಪು-ಕಪ್ಪು ಗುಲಗಂಜಿ ಹುಳು. ಕೀಟತಜ್ಞ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾದಿಂದ ಕಳಿಸಿದ ಮೊದಲ ಕಂತುಗಳಲ್ಲಿದ್ದುದು 129 ಹುಳುಗಳು. 1889 ಮುಗಿಯುವಷ್ಟರಲ್ಲಿ ತೋಟಗಳು ಚೇತರಿಸಿಕೊಂಡವು. 1930ರ ಆಸುಪಾಸಿನಲ್ಲಿ ಇದೇ ಹುಳುವನ್ನು ನಮ್ಮ ನೀಲಗಿರಿಗೂ ತರಲಾಯಿತು. ಸಯನೈಡ್ ಮಾತ್ರ ಬೇರೆ ಶಲ್ಕಕೀಟಗಳ ಮೇಲೆ ಉಳಿದುಕೊಂಡಿತು. 1910ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೊರೋನಾ ಪಟ್ಟಣದ ಸುತ್ತ ಕೆಂಪು ಶಲ್ಕಕೀಟ ಅದಕ್ಕೂ ಜಗ್ಗದಾಯಿತು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂತು. ಸ್ಯಾನ್ ವಾಕೀನ್ ಕಣಿವೆಯಲ್ಲಿ ಅದು ವೇದಾಲಿಯವನ್ನೇ ಕೊಂದು, ಅಡಗಿದ್ದ ಹಳೆಯ ಶತ್ರುವಿಗೆ ದಾರಿ ಬಿಟ್ಟುಕೊಟ್ಟಿತು. ಹಿಂದೆಯೇ ಬಂದದ್ದು ನಮ್ಮಲ್ಲಿ ಫಾಲಿಡಾಲ್ ಎಂದು ಹೆಸರಾದ ಪ್ಯಾರಾಥಿಯಾನ್. (1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿಗೆ ಇದು ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು, ಭಾರತದ 1968ರ ಕೀಟನಾಶಕ ಕಾಯ್ದೆಯ ಹಿನ್ನೆಲೆ ಅದು.)

ಕ್ಯಾಲಿಫೋರ್ನಿಯಾದಲ್ಲಿ ವಿಚಿತ್ರವೆಂದರೆ, ಔಷಧಿ ಹೊಡೆದವರಷ್ಟೇ ಅಲ್ಲ, ಎಷ್ಟೋ ದಿನಗಳ ಮೇಲೆ ಹಣ್ಣು ಕೀಳಲು ಬಂದವರೂ ಗುಂಪುಗುಂಪಾಗಿ ಹಾಸಿಗೆ ಹಿಡಿದರು. ವಾಂತಿ, ಬೆವರು, ಕಿರಿದಾದ ಕಣ್ಣಪಾಪೆ, ಸೋತ ಕೈಕಾಲು: ನರಗಳ ಸಂಜ್ಞೆಯನ್ನು ಹತೋಟಿಯಲ್ಲಿಡುವ ಕೋಲಿನ್‌ಎಸ್ಟರೇಸ್ ಕಿಣ್ವ ಕೆಟ್ಟಾಗಿನ ಲಕ್ಷಣಗಳಿವು. ಮಳೆಯಿಲ್ಲದ ಒಣ ಬೇಸಿಗೆಯಲ್ಲಿ ಎಲೆ ಮೇಲಿನ ಧೂಳಿನಲ್ಲಿ ಪ್ಯಾರಾಥಿಯಾನ್ ಇನ್ನೂ ಉಗ್ರವಾದ ಪ್ಯಾರಾಕ್ಸಾನ್ ಆಗಿ ಮಾರ್ಪಡುತ್ತಿತ್ತು. ಕೊಂಬೆಗಳ ನಡುವೆ ತೋಳು ತೂರಿಸಿ ಕೀಳುವವರ ಚರ್ಮದ ಮೂಲಕ ಅದು ಒಳಗಿಳಿಯುತ್ತಿತ್ತು. ಮಳೆ ಧಾರಾಳವಾಗಿರುವ ಫ್ಲಾರಿಡಾದಲ್ಲಿ ಈ ಕಾಟ ಕಡಿಮೆಯಿತ್ತು. ಸಿಂಪಡಿಸುವವನಿಗೆ ಮುಖವಾಡ ಕೊಟ್ಟರೆ ಸಾಕೆಂಬ ಎಣಿಕೆ ಇಲ್ಲಿಗೆ ಮುರಿಯಿತು. ಹೊಡೆದ ಮೇಲೆ ಇಂತಿಷ್ಟು ದಿನ ಯಾರೂ ಕೆಲಸಕ್ಕೆ ತೋಟ ಹೊಗಕೂಡದೆಂಬ ನಿಯಮವನ್ನು ಕ್ಯಾಲಿಫೋರ್ನಿಯಾ 1971ರಲ್ಲಿ ಮಾಡಿತು. 1974ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ ಅನುಸರಿಸಿತು. ಕೂಲಿಯವರು ಬಿದ್ದ ಮೇಲೆ ಬಂದ ಕಾನೂನು ಎಂಬುದನ್ನು ಮರೆಯುವಂತಿಲ್ಲ. ಹಣ್ಣು, ತರಕಾರಿಗಳಿಂದ ಪ್ಯಾರಾಥಿಯಾನ್ ತೊಲಗಲು 1991 ಆಯಿತು.

ಬೇರಿನ ಜಂತುಹುಳುಗಳಿಗೆ ಬಳಸುತ್ತಿದ್ದ ಡಿಬಿಸಿಪಿಯ ಕಥೆಯೂ ಇಂಥದೇ: ತಯಾರಿಸುವ ಕಾರ್ಖಾನೆಯ ಗಂಡಸರಿಗೆ ಮಕ್ಕಳಾಗದಿರುವುದು 1977ರಲ್ಲಿ ಬಯಲಾದ ಮೇಲೆ ಅದಕ್ಕೆ ತಡೆ ಬಿತ್ತು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಮಾರಾಟವನ್ನು ರಾಜ್ಯ 2020ರಲ್ಲಿ ನಿಲ್ಲಿಸಿತು.

ಅಷ್ಟರಲ್ಲಿ, 2008ರಲ್ಲಿ, ಗ್ರೀನಿಂಗ್ ರೋಗ ಹರಡುವ ಏಷ್ಯಾದ ಸಿಲ್ಲಿಡ್ ಕೀಟ ಅಲ್ಲಿ ಕಾಣಿಸಿಕೊಂಡಿತ್ತು. ಕೊಡಗಿನ ಕಿತ್ತಳೆ ಬೆಳೆಗಾರರು ಚೆನ್ನಾಗಿ ಬಲ್ಲ ರೋಗವಿದು. ತೋಟಗಳಲ್ಲಿ ಸಿಂಪಡಣೆ ಮತ್ತೆ ಏರಿತು. ನಗರದ ಹಿತ್ತಿಲ ನಿಂಬೆಗಿಡಗಳಿಗೆಂದು ಪಾಕಿಸ್ತಾನದ ಪಂಜಾಬಿನಿಂದ ತಂದ, ಸಿಲ್ಲಿಡ್ ಕೀಟವನ್ನು ಕೊಲ್ಲುವ ಪುಟ್ಟ ಪರತಂತ್ರ ಕಣಜವನ್ನು 2011ರಿಂದ ಬಿಡತೊಡಗಿದರು.